ವರ್ಗಾವಣೆ ಕೈತಪ್ಪಿದಾಗ ಸಿಟ್ಟು ಯಾರ ಮೇಲೆ? ಕಾರವಾರದ ಫುಟ್‌ಬಾಲ್ ಅಭಿಮಾನಿಗಳಿಗೊಂದು ಕೈಪಿಡಿ

ಜೂನ್ 1ಕ್ಕೆ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಬೈತಖೋಲ್ ಬಂದರಿನಲ್ಲಿ ಬೋಟುಗಳು ಸಾಲುಗಟ್ಟಿ ನಿಲ್ಲುವ ಆ 61 ದಿನಗಳಲ್ಲೇ ಯುರೋಪಿನ ಕ್ಲಬ್‌ಗಳ ಬೇಸಿಗೆ ವರ್ಗಾವಣೆಯೂ, ಅಂದರೆ ಆಟಗಾರರನ್ನು ಕೊಳ್ಳುವ-ಮಾರುವ ಅವಧಿಯೂ, ಕಾವೇರುತ್ತದೆ. ಹೊರಗೆ ಬಿಡದ ಮಳೆ, ಕೈಯಲ್ಲಿ ಮೊಬೈಲು, ಗಂಟೆಗೊಂದು ಹೊಸ ಹೆಸರು. ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗಿಳಿದರೂ ನಮ್ಮ ಕ್ಲಬ್ಬಿಗೆ ಸ್ಟ್ರೈಕರ್ ಸಿಕ್ಕಿರುವುದಿಲ್ಲ. ತಿಂಗಳ ಕೊನೆಗೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಸುದ್ದಿ ಬರುತ್ತದೆ.

ಅಭಿಮಾನಿಗೆ ಸಿಟ್ಟು ಬರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಆ ಸಿಟ್ಟು ಬಹಳ ಸಲ ಬರದೇ ಹೋದ ಆಟಗಾರನ ಮೇಲೋ, ಅಂಗಳದಲ್ಲಿ ಬೆವರು ಸುರಿಸುತ್ತಿರುವ ಬದಲಿ ಆಟಗಾರನ ಮೇಲೋ ಬೀಳುತ್ತದೆ. ವ್ಯವಹಾರ ಯಾವ ಹಂತದಲ್ಲಿ ಮುರಿಯಿತು ಎಂಬುದು ಗೊತ್ತಾದರೆ, ಉತ್ತರ ಕೊಡಬೇಕಾದವರು ಯಾರು ಎಂಬುದೂ ಗೊತ್ತಾಗುತ್ತದೆ. ಅದನ್ನು ಪತ್ತೆ ಹಚ್ಚುವ ಬಗೆ ಮುಂದಿದೆ.

ಅವಧಿ ತೆರೆಯುವ ಮುಂಚೆ

ಮೇ ಕೊನೆಯಲ್ಲಿ, ಹಳೆಯ ಋತು ಮುಗಿದ ವಾರವೇ, ಒಂದು ನೋಟ್‌ಬುಕ್ ಅಥವಾ ಮೊಬೈಲಿನಲ್ಲಿ ಒಂದು ಶೀಟ್ ತೆರೆಯಿರಿ. ಮೊದಲ ಪುಟದಲ್ಲಿ ಹೆಸರುಗಳು ಬೇಡ, ಜಾಗಗಳನ್ನು ಬರೆಯಿರಿ: ಗೋಲ್‌ಕೀಪರ್, ಎಡ ಬ್ಯಾಕ್, ಮಧ್ಯದ ಡಿಫೆಂಡರ್, ಹೀಗೆ. ಪ್ರತಿ ಜಾಗದ ಎದುರು ಈಗಿರುವ ಆಟಗಾರರು, ಅವರ ವಯಸ್ಸು, ಒಪ್ಪಂದ ಮುಗಿಯುವ ವರ್ಷ ಮತ್ತು ಕಳೆದ ಋತುವಿನಲ್ಲಿ ಆಡಿದ ನಿಮಿಷಗಳು ಇರಲಿ. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗಿನಲ್ಲಿ 38 ಪಂದ್ಯ, ಅಂದರೆ ಪೂರ್ತಿ ಆಡಿದವನಿಗೆ 3,420 ನಿಮಿಷ. ನಿಮ್ಮ ಮೊದಲ ಆಯ್ಕೆಯ ಡಿಫೆಂಡರ್ 1,700 ನಿಮಿಷವನ್ನೂ ದಾಟಿಲ್ಲವಾದರೆ, ಅವನೆಷ್ಟೇ ದೊಡ್ಡ ಹೆಸರಾಗಿದ್ದರೂ ಆ ಜಾಗ ಅರ್ಧ ಖಾಲಿಯೇ.

ಈ ಪುಟ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಕ್ಲಬ್ ವಿಫಲವಾಯಿತೋ ಇಲ್ಲವೋ ಎಂದು ಅಳೆಯಬೇಕಾದದ್ದು ತಂಡಕ್ಕೆ ಬೇಕಿದ್ದದ್ದು ಬಂತೇ ಎಂಬುದರಿಂದ. ಪತ್ರಿಕೆಗಳು ತೇಲಿಬಿಟ್ಟ ಹೆಸರು ಬರಲಿಲ್ಲವೆಂದರೆ ಅದು ವೈಫಲ್ಯವಲ್ಲ. ಮೂವರು ವಿಂಗರ್‌ಗಳು ಬಂದು ಡಿಫೆನ್ಸಿವ್ ಮಿಡ್‌ಫೀಲ್ಡರ್ ಬರದಿದ್ದರೆ ಮಾತ್ರ ಖಂಡಿತ ವೈಫಲ್ಯ, ಆ ವಿಂಗರ್‌ಗಳ ವಿಡಿಯೊ ಎಷ್ಟೇ ಚೆಂದವಿರಲಿ.

ಎರಡನೇ ಪುಟದಲ್ಲಿ ಹೆಸರುಗಳು ಶುರುವಾಗಲಿ. ಕಾಲಂಗಳಿಗೆ ಇಷ್ಟು ಸಾಕು: ದಿನಾಂಕ, ಆಟಗಾರ, ಸುದ್ದಿಯ ಮೂಲ, ಹೇಳಲಾದ ಬೆಲೆ, ಅವನ ಒಪ್ಪಂದ ಮುಗಿಯುವ ತಿಂಗಳು, ತಲುಪಿದ ಹಂತ. ಕೊನೆಯ ಕಾಲಮ್ಮೇ ಮುಖ್ಯ.

ಹಂತಗಳು, ಮತ್ತು ಅವು ಮುರಿಯುವ ಜಾಗಗಳು

ವಿಚಾರಣೆ ಮೊದಲ ಹಂತ. ಕ್ಲಬ್ಬಿನ ಕ್ರೀಡಾ ನಿರ್ದೇಶಕರು ಏಜೆಂಟ್‌ಗೆ ಫೋನ್ ಮಾಡಿ, 'ಬರುತ್ತಾನಾ, ಎಷ್ಟಾಗುತ್ತೆ?' ಎಂದು ಕೇಳುತ್ತಾರೆ. ಒಂದೇ ಜಾಗಕ್ಕೆ ಹಲವರ ವಿಚಾರಣೆ ನಡೆಯುವುದು ಮಾಮೂಲು. ಏಜೆಂಟ್‌ಗೆ ತನ್ನ ಆಟಗಾರನ ಹಳೆಯ ಕ್ಲಬ್ಬಿನಿಂದ ಹೆಚ್ಚಿನ ಸಂಬಳ ಕೀಳಬೇಕಿದ್ದರೆ, ಈ ಫೋನಿನ ಸುದ್ದಿಯನ್ನು ಅವನೇ ಪತ್ರಿಕೆಗೆ ಕೊಡುತ್ತಾನೆ. ಇಲ್ಲಿ ನಿಂತುಹೋದದ್ದಕ್ಕೆ ಯಾರ ಮೇಲೂ ಸಿಟ್ಟು ಮಾಡಬೇಕಾಗಿಲ್ಲ.

ನಂತರ ಎರಡು ಮಾತುಕತೆಗಳು ಬೇರೆ ಬೇರೆಯಾಗಿ ನಡೆಯುತ್ತವೆ: ಆಟಗಾರನ ಜೊತೆ ಸಂಬಳದ್ದು, ಅವನ ಕ್ಲಬ್ಬಿನ ಜೊತೆ ಶುಲ್ಕದ್ದು. ಶಿರಸಿಯ ಅಡಿಕೆ ಟೆಂಡರಿನಲ್ಲಿ ಎಲ್ಲರಿಗಿಂತ ಹೆಚ್ಚಿನ ದರ ಬರೆದ ಮಾತ್ರಕ್ಕೆ ರಾಶಿ ವ್ಯಾಪಾರಿಯ ಪಾಲಾಗುವುದಿಲ್ಲ, ಬೆಳೆಗಾರ ಹೂಂ ಅನ್ನಬೇಕು. ಫುಟ್‌ಬಾಲ್‌ನಲ್ಲಿ ಹೂಂ ಅನ್ನಬೇಕಾದವರು ಇಬ್ಬರು. 2023ರ ಆಗಸ್ಟ್‌ನಲ್ಲಿ ಮೊಯಿಸೆಸ್ ಕೈಸೆಡೊಗಾಗಿ ಲಿವರ್‌ಪೂಲ್ 111 ಮಿಲಿಯನ್ ಪೌಂಡ್‌ಗೆ ಬ್ರೈಟನ್‌ನ ಒಪ್ಪಿಗೆ ಪಡೆದಿತ್ತು. ಆಟಗಾರ ಚೆಲ್ಸಿಯೇ ಬೇಕೆಂದ, ಚೆಲ್ಸಿಗೇ ಹೋದ. ಇಂಥ ಕಡೆ ಕ್ಲಬ್ಬನ್ನು ಕೇಳಬೇಕಾದ ಪ್ರಶ್ನೆ ಒಂದೇ: ಆಟಗಾರನ ಮನಸ್ಸು ತಿಳಿಯದೆ ಮೊದಲು ಶುಲ್ಕ ಯಾಕೆ ಮಾತಾಡಿದಿರಿ?

ಶುಲ್ಕದ ಹಂತದಲ್ಲಿ ಮೀನಮೇಷ ಎಣಿಸುವುದು ಅತಿ ಸಾಮಾನ್ಯ ರೋಗ. 2013ರಲ್ಲಿ ಎವರ್ಟನ್‌ನ ಮರೌನ್ ಫೆಲೈನಿಯ ಒಪ್ಪಂದದಲ್ಲಿ ಸುಮಾರು 23.5 ಮಿಲಿಯನ್ ಪೌಂಡ್‌ನ ಬಿಡುಗಡೆ ಷರತ್ತು ಇತ್ತು (ಅಷ್ಟು ಕೊಟ್ಟರೆ ಕ್ಲಬ್ ಆಟಗಾರನನ್ನು ಬಿಡಲೇಬೇಕು), ಅದರ ಅವಧಿ ಜುಲೈ 31ಕ್ಕೆ ಮುಗಿಯಿತು. ಮ್ಯಾಂಚೆಸ್ಟರ್ ಯುನೈಟೆಡ್ ಸುಮ್ಮನೆ ಕೂತು, ಸೆಪ್ಟೆಂಬರ್ 2ರ ಕೊನೆಯ ಗಳಿಗೆಯಲ್ಲಿ ಅದೇ ಆಟಗಾರನಿಗೆ 27.5 ಮಿಲಿಯನ್ ಕೊಟ್ಟಿತು. ಆಟಗಾರ ಬಂದರೂ ಇದು ವೈಫಲ್ಯವೇ. ಆದ್ದರಿಂದ ಬಿಡುಗಡೆ ಷರತ್ತು ಇರುವ ಆಟಗಾರನ ಹೆಸರು ಬಂದ ಕೂಡಲೇ ಅದರ ಕೊನೆಯ ದಿನಾಂಕವನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಮೂರನೆಯದು ವೈದ್ಯಕೀಯ ತಪಾಸಣೆ. ಹೃದಯ, ಕೀಲು, ಸ್ನಾಯು, ಹಳೆಯ ಶಸ್ತ್ರಚಿಕಿತ್ಸೆಯ ಎಂಆರ್‌ಐ, ಎಲ್ಲ ನೋಡುತ್ತಾರೆ. 2018ರ ಜೂನ್‌ನಲ್ಲಿ ನಬಿಲ್ ಫೆಕಿರ್ ಲಿವರ್‌ಪೂಲ್‌ಗೆ ಬರುವುದು ಬಹುತೇಕ ಮುಗಿದಿತ್ತು, ಮೊಣಕಾಲಿನ ಆತಂಕದಿಂದ ನಿಂತಿತು. 2009ರಲ್ಲಿ ಅಲಿ ಸಿಸೊಕೊ ಎಸಿ ಮಿಲಾನ್ ಸೇರುವುದು ಹಲ್ಲಿನ ಸಮಸ್ಯೆಯ ಕಾರಣಕ್ಕೆ ತಪ್ಪಿತು. ತಪಾಸಣೆಯಲ್ಲಿ ಮುರಿದ ವ್ಯವಹಾರಕ್ಕೆ ಕ್ಲಬ್ಬನ್ನು ಬೈಯುವುದು ಅನ್ಯಾಯ, ಐದು ವರ್ಷ ಸಂಬಳ ಕೊಡುವವರಿಗೆ ಆ ಹಕ್ಕು ಇದ್ದೇ ಇದೆ. ಎರಡನೇ ಆಯ್ಕೆ ಸಿದ್ಧವಿರಲಿಲ್ಲವೇಕೆ ಎಂದು ಮಾತ್ರ ಕೇಳಿ.

ಕೊನೆಯದು ಕಾಗದಪತ್ರ, ಮತ್ತು ಹೊಟ್ಟೆ ಉರಿಯುವುದು ಇಲ್ಲೇ. ದೇಶದಿಂದ ದೇಶಕ್ಕೆ ಹೋಗುವ ಆಟಗಾರನ ವಿವರವನ್ನು ಎರಡೂ ಕ್ಲಬ್‌ಗಳು ಫಿಫಾದ ಆನ್‌ಲೈನ್ ವರ್ಗಾವಣೆ ದಾಖಲೆ ವ್ಯವಸ್ಥೆಯಾದ ಟಿಎಂಎಸ್‌ನಲ್ಲಿ ಹಾಕಬೇಕು, ಎರಡೂ ಕಡೆಯ ಅಂಕಿಗಳು ತಾಳೆಯಾಗಬೇಕು. ಆಮೇಲೆ ಹಳೆಯ ದೇಶದ ಫುಟ್‌ಬಾಲ್ ಸಂಸ್ಥೆಯಿಂದ ಹೊಸ ದೇಶದ ಸಂಸ್ಥೆಗೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬರಬೇಕು. 2015ರ ಆಗಸ್ಟ್ 31ರ ರಾತ್ರಿ ಡೇವಿಡ್ ಡಿ ಹೆಯಾ ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ರಿಯಲ್ ಮ್ಯಾಡ್ರಿಡ್‌ಗೆ ಹೋಗುವುದು ಕಾಗದ ತಡವಾಗಿ ತಪ್ಪಿತು, ಎರಡೂ ಕ್ಲಬ್‌ಗಳು ಒಬ್ಬರನ್ನೊಬ್ಬರು ದೂರಿದವು. 2017ರಲ್ಲಿ ಏಡ್ರಿಯನ್ ಸಿಲ್ವಾನ ಕಾಗದ 14 ಸೆಕೆಂಡ್ ತಡವಾಗಿತ್ತು. ಲೆಸ್ಟರ್ ದುಡ್ಡು ಕೊಟ್ಟು ಕೊಂಡ ಆಟಗಾರ 2018ರ ಜನವರಿಯವರೆಗೆ ಆಡುವಂತಿರಲಿಲ್ಲ. 2023ರ ಜನವರಿ 31ರಂದು ಹಕೀಮ್ ಜಿಯೆಶ್ ಚೆಲ್ಸಿಯಿಂದ ಫ್ರಾನ್ಸ್‌ನ ಪಿಎಸ್‌ಜಿಗೆ ಸಾಲದ ಮೇಲೆ, ಅಂದರೆ ತಾತ್ಕಾಲಿಕವಾಗಿ, ಹೋಗಲಾಗದ್ದಕ್ಕೂ ಸರಿಯಾದ ಕಾಗದ ಸಮಯಕ್ಕೆ ತಲುಪದ್ದೇ ಕಾರಣ. ಇಲ್ಲಿ ಸಿಟ್ಟಿಗೆ ಪೂರ್ತಿ ಹಕ್ಕಿದೆ, ಅದು ಆಡಳಿತ ಮಂಡಳಿಗೆ ನೇರ ತಲುಪಬೇಕು. ಮೂರು ತಿಂಗಳ ಸಮಯವಿಟ್ಟುಕೊಂಡು ಕೊನೆಯ ಮೂರು ಗಂಟೆಗೆ ಕೆಲಸ ತಂದಿಟ್ಟವರು ಅವರೇ.

ತುಂಬಿದ ಒಂದು ಸಾಲು ಹೇಗಿರುತ್ತದೆ ನೋಡಿ. ಆಟಗಾರ: ಮಾರ್ಕ್ ಗೇಹಿ. ದಿನಾಂಕ: 2025 ಸೆಪ್ಟೆಂಬರ್ 1. ಕ್ರಿಸ್ಟಲ್ ಪ್ಯಾಲೇಸ್‌ನಿಂದ ಲಿವರ್‌ಪೂಲ್‌ಗೆ. ಬೆಲೆ: 35 ಮಿಲಿಯನ್ ಪೌಂಡ್. ಒಪ್ಪಂದ ಮುಗಿಯುವುದು: 2026 ಜೂನ್. ಹಂತ: ಶುಲ್ಕ ಒಪ್ಪಿತ, ತಪಾಸಣೆಯೂ ಆಗಿತ್ತು. ಮುರಿದ ಕಾರಣ: ಪ್ಯಾಲೇಸ್ ಗೇಹಿಯ ಜಾಗಕ್ಕೆ ತರಲು ಹೊರಟಿದ್ದ ಡಿಫೆಂಡರ್ ಬೇರೆ ಕ್ಲಬ್ಬಿಗೆ ಹೋದ, ಪ್ಯಾಲೇಸ್ ಹಿಂದೆ ಸರಿಯಿತು. ಈ ಸಾಲು ಓದಿದರೆ ಲಿವರ್‌ಪೂಲ್ ಅಭಿಮಾನಿಯ ಪ್ರಶ್ನೆ ತಾನೇ ರೂಪ ಪಡೆಯುತ್ತದೆ. ಮಾರುವವರಿಗೂ ಬದಲಿ ಆಟಗಾರ ಬೇಕೆಂದು ಗೊತ್ತಿದ್ದೂ ಕೊನೆಯ ದಿನದವರೆಗೆ ಯಾಕೆ ಎಳೆದಿರಿ? ಒಪ್ಪಂದದಲ್ಲಿ ಒಂದೇ ವರ್ಷ ಉಳಿದವನ ಬೆಲೆ ಇಳಿಯುತ್ತದೆ ಎಂದು ಕಾಯುವುದು ಜಾಣತನವೇ, ಆದರೆ ಅದರ ಅಪಾಯವೂ ಅಷ್ಟೇ. ಮುಂದಿನ ಜನವರಿಯಲ್ಲಿ ಗೇಹಿ ಹೋದದ್ದು ಮ್ಯಾಂಚೆಸ್ಟರ್ ಸಿಟಿಗೆ.

ದುಡ್ಡು ಇದ್ದೂ ಕೊಳ್ಳಲಿಲ್ಲ ಅನ್ನುವ ಮುಂಚೆ

'ಮಾಲೀಕನ ಹತ್ತಿರ ಕೋಟಿ ಕೋಟಿ ಇದೆ, ಯಾಕೆ ಖರ್ಚು ಮಾಡಲ್ಲ?' ಎಂಬ ಮಾತು ಪ್ರತಿ ವಾಟ್ಸಾಪ್ ಗುಂಪಿನಲ್ಲೂ ಬರುತ್ತದೆ. ಲೆಕ್ಕ ಹೀಗಿದೆ. 50 ಮಿಲಿಯನ್‌ಗೆ ಕೊಂಡ ಆಟಗಾರನಿಗೆ 5 ವರ್ಷದ ಒಪ್ಪಂದವಾದರೆ, ಕ್ಲಬ್ಬಿನ ಪುಸ್ತಕದಲ್ಲಿ ವರ್ಷಕ್ಕೆ 10 ಮಿಲಿಯನ್ ಖರ್ಚು ಬೀಳುತ್ತದೆ. ವಾರಕ್ಕೆ 1.5 ಲಕ್ಷ ಪೌಂಡ್ ಸಂಬಳವೆಂದರೆ ವರ್ಷಕ್ಕೆ 7.8 ಮಿಲಿಯನ್. ಒಟ್ಟು 17.8 ಮಿಲಿಯನ್, ಪ್ರತಿ ವರ್ಷ. ಸುದ್ದಿಯಲ್ಲಿ ಬರುವ 50ಕ್ಕಿಂತ ಈ 17.8 ಹೆಚ್ಚು ಹೇಳುತ್ತದೆ.

ಮಾರುವಾಗ ಲೆಕ್ಕ ಬೇರೆ. 60 ಮಿಲಿಯನ್‌ಗೆ 5 ವರ್ಷಕ್ಕೆ ಕೊಂಡವನನ್ನು 3 ವರ್ಷದ ನಂತರ 20ಕ್ಕೆ ಮಾರಿದರೆ, ಪುಸ್ತಕದಲ್ಲಿ ಇನ್ನೂ 24 ಉಳಿದಿರುವುದರಿಂದ 4 ಮಿಲಿಯನ್ ನಷ್ಟ. ತಮ್ಮದೇ ಅಕಾಡೆಮಿಯಲ್ಲಿ ಬೆಳೆದ ಹುಡುಗನನ್ನು 40ಕ್ಕೆ ಮಾರಿದರೆ ಬಹುತೇಕ ಅಷ್ಟೂ ಲಾಭ. ಊರಿನ ಹುಡುಗನನ್ನು ಮಾರಿ ಅಭಿಮಾನಿಗಳ ಮನಸ್ಸು ನೋಯಿಸುವುದರ ಹಿಂದಿರುವುದು ಈ ಲೆಕ್ಕ. ಖರ್ಚಿಗೆ ಮಿತಿ ಹಾಕುವ ನಿಯಮವೇ ತಪ್ಪು ದಾರಿಗೆ ತಳ್ಳುತ್ತಿದೆ ಎಂಬುದು ನಮ್ಮ ಅಭಿಪ್ರಾಯ, ಆದರೆ ಅದಕ್ಕೆ ಒಂದು ಕ್ಲಬ್ಬನ್ನಷ್ಟೇ ಹೊಣೆ ಮಾಡಲಾಗದು.

ನಿಯಮ ಮೀರಿದರೆ ಅಂಕ ಹೋಗುತ್ತದೆ. 2023-24ರ ಋತುವಿನಲ್ಲಿ ಪ್ರೀಮಿಯರ್ ಲೀಗ್ ಮೂರು ವರ್ಷಕ್ಕೆ 105 ಮಿಲಿಯನ್ ಪೌಂಡ್ ನಷ್ಟದ ಮಿತಿ ಇಟ್ಟಿತ್ತು. ಎವರ್ಟನ್ ಎರಡು ಸಲ ಸೇರಿ 8 ಅಂಕ ಕಳೆದುಕೊಂಡಿತು, ನಾಟಿಂಗ್‌ಹ್ಯಾಮ್ ಫಾರೆಸ್ಟ್ 4. ಫಾರೆಸ್ಟ್‌ನ ಕಥೆಯಿಂದ ಕಲಿಯಬೇಕಾದದ್ದು ದಿನಾಂಕ. ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತಿತ್ತು. ಬ್ರೆನನ್ ಜಾನ್ಸನ್‌ನನ್ನು ಅಷ್ಟರೊಳಗೆ ಮಾರದೆ ಕಾದು, ಸೆಪ್ಟೆಂಬರ್ 1ಕ್ಕೆ ಟಾಟನ್‌ಹ್ಯಾಮ್‌ಗೆ 47.5 ಮಿಲಿಯನ್‌ಗೆ ಮಾರಿತು. ಒಳ್ಳೆಯ ಬೆಲೆ ಬಂತು, ಆದರೆ ಹಿಂದಿನ ವರ್ಷದ ಲೆಕ್ಕಕ್ಕೆ ಸೇರಲಿಲ್ಲ. ಜೂನ್ ಕೊನೆಯ ವಾರದಲ್ಲಿ ಇಂಗ್ಲಿಷ್ ಕ್ಲಬ್‌ಗಳು ಇದ್ದಕ್ಕಿದ್ದಂತೆ ಆಟಗಾರರನ್ನು ಮಾರತೊಡಗಿದರೆ ಕಾರಣ ಇದೇ.

ಯುರೋಪಿನ ಟೂರ್ನಿ ಆಡುವ ಕ್ಲಬ್‌ಗಳಿಗೆ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಇನ್ನೊಂದು ಬೇಲಿ ಹಾಕಿದೆ: ಸಂಬಳ, ವರ್ಗಾವಣೆ, ಏಜೆಂಟ್ ಖರ್ಚು ಸೇರಿ ಆದಾಯದ ಶೇ. 70ರೊಳಗಿರಬೇಕು. ಸ್ಪೇನ್‌ನಲ್ಲಿ ಲೀಗ್ ಪ್ರತಿ ಕ್ಲಬ್ಬಿಗೂ ಸಂಬಳದ ಮಿತಿ ನಿಗದಿ ಮಾಡುತ್ತದೆ. 2021ರ ಆಗಸ್ಟ್‌ನಲ್ಲಿ ಮೆಸ್ಸಿಯನ್ನೇ ಬಾರ್ಸಿಲೋನಾ ಉಳಿಸಿಕೊಳ್ಳಲಾಗದ್ದು ಅದರಿಂದ.

ಗಾಳಿಸುದ್ದಿ ಜರಡಿ ಹಿಡಿಯುವುದು

ಸುದ್ದಿ ಬಂದಾಗ ಮೊದಲು ಮೂಲಕ್ಕೆ ಹೋಗಿ. ಕ್ಲಬ್ಬಿನ ಊರಿನ ಪತ್ರಿಕೆ ಬರೆದಿದೆಯೇ, ಮಾರುವ ಕ್ಲಬ್ಬಿನ ದೇಶದವರೂ ಅದನ್ನೇ ಹೇಳುತ್ತಿದ್ದಾರೆಯೇ ನೋಡಿ. ಎರಡೂ ಕಡೆಯಿಂದ ಒಂದೇ ಅಂಕಿ ಬಂದರೆ ಮಾತ್ರ ಪುಸ್ತಕದಲ್ಲಿ ಹಂತ ಬದಲಿಸಿ. ಖ್ಯಾತ ಪತ್ರಕರ್ತರ ಹೆಸರಿನ ನಕಲಿ ಖಾತೆಗಳು ಗಡುವಿನ ದಿನ ನಾಯಿಕೊಡೆಗಳಂತೆ ಏಳುತ್ತವೆ. ವರ್ಗಾವಣೆ ಸುದ್ದಿಯ ಪತ್ರಕರ್ತ ಫ್ಯಾಬ್ರಿಜಿಯೊ ರೊಮಾನೊ, ವ್ಯವಹಾರ ಪಕ್ಕಾ ಆದಾಗ ಹೇಳುವ ತಮ್ಮ 'ಹಿಯರ್ ವಿ ಗೋ' ಅಂದಿದ್ದಾರೆಂದು ಯಾರೋ ಸ್ಕ್ರೀನ್‌ಶಾಟ್ ಕಳಿಸಿದರೆ ನಂಬಬೇಡಿ, ಅವರ ಖಾತೆಗೇ ಹೋಗಿ ನೋಡಿ. ನೀಲಿ ಟಿಕ್ ದುಡ್ಡಿಗೆ ಸಿಗುತ್ತದೆ, ಅದು ಪುರಾವೆಯಲ್ಲ. ಖಾತೆ ತೆರೆದ ತಿಂಗಳನ್ನೂ ಹೆಸರಿನ ಪ್ರತಿ ಅಕ್ಷರವನ್ನೂ ನೋಡಿ.

ಗುಂಪಿನಲ್ಲಿ ಒಂದು ನಿಯಮ ಮಾಡಿಕೊಳ್ಳಿ: ಮೂಲದ ಲಿಂಕ್ ಇಲ್ಲದ ಸುದ್ದಿ ಹಾಕುವಂತಿಲ್ಲ. ಇಷ್ಟರಿಂದಲೇ ಅರ್ಧ ನಿರಾಸೆ ತಪ್ಪುತ್ತದೆ, ಏಕೆಂದರೆ ಎಂದೂ ಇರದ ವ್ಯವಹಾರ ಮುರಿಯಲು ಸಾಧ್ಯವಿಲ್ಲ.

ಗಡುವಿನ ರಾತ್ರಿ

ಬೇಸಿಗೆಯಲ್ಲಿ ನಾವು ಇಂಗ್ಲೆಂಡ್‌ಗಿಂತ ನಾಲ್ಕೂವರೆ ಗಂಟೆ ಮುಂದಿದ್ದೇವೆ, ಜನವರಿಯಲ್ಲಿ ಐದೂವರೆ. ಸ್ಪೇನ್, ಇಟಲಿ, ಜರ್ಮನಿ, ಫ್ರಾನ್ಸ್‌ಗೆ ಇದರಲ್ಲಿ ಒಂದು ಗಂಟೆ ಕಳೆಯಿರಿ. ಹಿಂದೆ ಇಂಗ್ಲೆಂಡ್‌ನ ಗಡುವು ಅಲ್ಲಿನ ರಾತ್ರಿ 11ಕ್ಕಿದ್ದಾಗ ಕಾರವಾರದವರು ಬೆಳಗಿನ ಜಾವ ಮೂರೂವರೆಯವರೆಗೆ ಕಣ್ಣು ಬಿಟ್ಟುಕೊಂಡಿರಬೇಕಿತ್ತು. 2025ರ ಸೆಪ್ಟೆಂಬರ್ 1ರ ಗಡುವು ಅಲ್ಲಿನ ಸಂಜೆ 7, ನಮಗೆ ರಾತ್ರಿ ಹನ್ನೊಂದೂವರೆ. ಪ್ರತಿ ದೇಶದ ದಿನವೂ ಗಂಟೆಯೂ ಬೇರೆ ಬೇರೆ ಇರುವುದರಿಂದ, ನಿಮ್ಮ ಕ್ಲಬ್ ಕೊಳ್ಳುವ ದೇಶದ ಗಡುವಿನ ಜೊತೆಗೆ ಅದು ಆಟಗಾರರನ್ನು ಮಾರಬೇಕಾದ ದೇಶದ ಗಡುವನ್ನೂ ಬರೆದಿಡಿ. ಸಂಬಳದ ಹೊರೆ ಇಳಿಸಲು ಒಬ್ಬನನ್ನು ಮಾರಲೇಬೇಕಿದ್ದು, ಆ ದೇಶದ ಬಾಗಿಲು ಮುಚ್ಚಿದ್ದರೆ, ಕೊಳ್ಳುವ ಆಸೆಯೂ ಅಲ್ಲಿಗೆ ಮುಗಿಯಿತು.

ಗಡುವು ಮುಗಿದ ಮೇಲೂ ತಕ್ಷಣ ಮಲಗಬೇಡಿ. ಪ್ರೀಮಿಯರ್ ಲೀಗಿನಲ್ಲಿ ಮುಖ್ಯ ವಿವರಗಳ 'ಡೀಲ್ ಶೀಟ್' ಗಡುವಿನೊಳಗೆ ತಲುಪಿದ್ದರೆ, ಉಳಿದ ಕಾಗದ ಮುಗಿಸಲು 2 ಗಂಟೆ ಹೆಚ್ಚುವರಿ ಸಿಗುತ್ತದೆ. ಅದರ ಸುದ್ದಿ ಬಂದಿಲ್ಲವೆಂದರೆ ಮಾತ್ರ ಮುಗಿಯಿತೆಂದು ತಿಳಿಯಿರಿ. ಮಳೆಗಾಲದ ರಾತ್ರಿ ಕರೆಂಟ್ ಹೋಗುವುದು ಹೊಸದಲ್ಲ, ಸಂಜೆಯೇ ಪವರ್ ಬ್ಯಾಂಕ್ ತುಂಬಿಸಿ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಸಿಗ್ನಲ್ ಕೈಕೊಟ್ಟರೆ, ಪೇಟೆಯಲ್ಲಿರುವ ಒಬ್ಬ ಗೆಳೆಯ ಎಸ್ಸೆಮ್ಮೆಸ್ ಮಾಡುವಂತೆ ಮೊದಲೇ ಹೇಳಿಡಿ.

ಗೋವಾ, ಬೆಂಗಳೂರು ಕ್ಲಬ್‌ಗಳ ಅಭಿಮಾನಿಗಳಿಗೆ

ಮಾಜಾಳಿ ದಾಟಿದರೆ ಗೋವಾ. ಹೀಗಾಗಿ ಕಾರವಾರದಲ್ಲಿ ಎಫ್‌ಸಿ ಗೋವಾಕ್ಕೂ ಬೆಂಗಳೂರು ಎಫ್‌ಸಿಗೂ ಮನಸ್ಸು ಹಂಚಿಹೋಗಿದೆ. ಭಾರತದಲ್ಲಿ ದೊಡ್ಡ ಶುಲ್ಕದ ಖರೀದಿ ಕಡಿಮೆ. ಒಪ್ಪಂದ ಮುಗಿದವರು, ಅದಲುಬದಲು ಮತ್ತು ಸಾಲದ ವರ್ಗಾವಣೆಗಳೇ ಹೆಚ್ಚು. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಒಪ್ಪಂದದ ಕೊನೆಯ ದಿನ. ಫಿಫಾ ನಿಯಮದಂತೆ ಒಪ್ಪಂದದಲ್ಲಿ 6 ತಿಂಗಳು ಉಳಿದಾಗಲೇ ಆಟಗಾರ ಬೇರೆ ಕ್ಲಬ್ಬಿನೊಂದಿಗೆ ಮುಂಗಡ ಒಪ್ಪಂದ ಮಾಡಿಕೊಳ್ಳಬಹುದು. ನಿಮ್ಮ ಕ್ಲಬ್ಬಿನ ಒಳ್ಳೆಯ ಆಟಗಾರನ ಒಪ್ಪಂದ ಮೇ ತಿಂಗಳಿಗೆ ಮುಗಿಯುವುದಾದರೆ, ಹಿಂದಿನ ನವೆಂಬರ್‌ನಲ್ಲೇ ಅವನ ನವೀಕರಣದ ಬಗ್ಗೆ ಕೇಳಿ. ಜೂನ್‌ನಲ್ಲಿ ಕೇಳಿದರೆ ಬಸ್ಸು ಹೋಗಿರುತ್ತದೆ.

ಸಾಲದ ಒಪ್ಪಂದ ಎಷ್ಟು ದೂರ ಎಳೆಯಬಹುದು ಎಂಬುದಕ್ಕೆ 2024ರ ಅನ್ವರ್ ಅಲಿ ಪ್ರಕರಣವಿದೆ. ಡೆಲ್ಲಿ ಎಫ್‌ಸಿಯಿಂದ ಮೋಹನ್ ಬಾಗಾನ್‌ಗೆ ಸಾಲದ ಮೇಲೆ ಬಂದಿದ್ದ ಈ ಡಿಫೆಂಡರ್ ಈಸ್ಟ್ ಬೆಂಗಾಲ್‌ಗೆ ಹೋದಾಗ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ (ಎಐಎಫ್‌ಎಫ್) ಆಟಗಾರರ ಸ್ಥಾನಮಾನ ಸಮಿತಿ ಆಟಗಾರನಿಗೆ 4 ತಿಂಗಳ ನಿಷೇಧ, 12.9 ಕೋಟಿ ರೂಪಾಯಿ ಪರಿಹಾರ, ಈಸ್ಟ್ ಬೆಂಗಾಲ್ ಮತ್ತು ಡೆಲ್ಲಿ ಎಫ್‌ಸಿಗೆ ಎರಡು ಅವಧಿಯ ನೋಂದಣಿ ನಿಷೇಧ ವಿಧಿಸಿತು. ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. ಸಾಲದ ಮೇಲೆ ಬಂದವನನ್ನು 'ನಮ್ಮವ' ಎಂದುಕೊಳ್ಳುವ ಮುಂಚೆ ಒಪ್ಪಂದದಲ್ಲಿ ಖರೀದಿ ಐಚ್ಛಿಕವೋ ಕಡ್ಡಾಯವೋ ತಿಳಿಯಿರಿ.

ಇನ್ನೊಂದು ಪರೀಕ್ಷೆ ಐದು ನಿಮಿಷದ್ದು. ಹಳೆಯ ಆಟಗಾರರ, ಕೋಚ್‌ಗಳ ಬಾಕಿ ಕೊಡದ ಕ್ಲಬ್‌ಗಳಿಗೆ ಫಿಫಾ ನೋಂದಣಿ ನಿಷೇಧ ಹಾಕುತ್ತದೆ, ಅವುಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ನಿಮ್ಮ ಕ್ಲಬ್ ಆ ಪಟ್ಟಿಯಲ್ಲಿದ್ದರೆ, ಸಹಿ ಹಾಕಿಸಿ ಫೋಟೊ ಬಿಟ್ಟರೂ ಆಟಗಾರ ಅಂಗಳಕ್ಕಿಳಿಯಲಾರ.

ಸಿಟ್ಟನ್ನು ಕೇಳುವವರ ಬಳಿಗೆ ಒಯ್ಯುವುದು

ಪುಸ್ತಕ ತುಂಬಿದ ಮೇಲೆ ಪತ್ರ ಬರೆಯುವುದು ಸುಲಭ. ಒಂದೇ ಪುಟ, ಮೂರೇ ಪ್ರಶ್ನೆ ಇರಲಿ. ಜಾಗ, ದಿನಾಂಕ, ಮುರಿದ ಹಂತ ಹೆಸರಿಸಿ. 'ಮೇ ತಿಂಗಳಲ್ಲೇ ಎಡ ಬ್ಯಾಕ್ ಒಬ್ಬರೇ ಉಳಿದಿದ್ದರು. ಮೊದಲ ಪ್ರಸ್ತಾಪ ಆಗಸ್ಟ್ 20ಕ್ಕೆ ಹೋಯಿತೆಂದು ವರದಿಯಾಗಿದೆ. ನಡುವಿನ ತಡಕ್ಕೆ ಕಾರಣವೇನು?' ಎಂಬಂಥ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಕಷ್ಟ. 'ನಾಚಿಕೆ ಇಲ್ವಾ?' ಎಂಬುದಕ್ಕೆ ಯಾರೂ ಉತ್ತರಿಸುವುದಿಲ್ಲ. ಪ್ರೀಮಿಯರ್ ಲೀಗ್ ಕ್ಲಬ್‌ಗಳಿಗೆ ಅಭಿಮಾನಿ ಸಲಹಾ ಮಂಡಳಿ ಇರುವುದು ಈಗ ಕಡ್ಡಾಯ, ಪತ್ರವನ್ನು ಆ ವಿಳಾಸಕ್ಕೆ ಕಳಿಸಿ. ಬೆಂಗಳೂರು ಎಫ್‌ಸಿಯಾದರೆ ವೆಸ್ಟ್ ಬ್ಲಾಕ್ ಬ್ಲೂಸ್‌ನಂಥ ಸಂಘಟಿತ ಗುಂಪಿನ ಮೂಲಕ ಹೋದರೆ ದನಿಗೆ ತೂಕ ಬರುತ್ತದೆ.

ಪ್ರತಿಭಟನೆಯೇ ಬೇಕಾದರೆ ಕೇರಳ ಬ್ಲಾಸ್ಟರ್ಸ್‌ನ ಮಂಜಪ್ಪಡ ಗುಂಪನ್ನು ನೋಡಿ. 2024-25ರ ಋತುವಿನಲ್ಲಿ ಅವರು ಆಡಳಿತದ ವಿರುದ್ಧ ಟಿಕೆಟ್ ಕೊಳ್ಳುವುದನ್ನೇ ನಿಲ್ಲಿಸುವುದಾಗಿ ಸಾರಿದರು. ಆಡಳಿತಕ್ಕೆ ನಾಟುವ ಜಾಗ ಅದು. ಎಫ್‌ಸಿ ಗೋವಾದ ಅಂಗಳವಾದ ಮಡಗಾಂವ್‌ನ ಫಾತೋರ್ಡಾಕ್ಕೆ ಬ್ಯಾನರ್ ಒಯ್ಯುವವರು ಮೊದಲೇ ಆಯೋಜಕರ ಅನುಮತಿ ಪಡೆಯಿರಿ, ಕೋಲು ಕಟ್ಟಿದ್ದನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಸಂಜೆಯ ಪಂದ್ಯ ಮುಗಿಯುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ, ಮಡಗಾಂವ್‌ನಿಂದ ಕಾರವಾರಕ್ಕೆ ಮರಳುವ ಗಾಡಿಯ ವ್ಯವಸ್ಥೆ ಮಾಡಿಕೊಂಡೇ ಹೊರಡಿ.

ಆಟಗಾರನ ಖಾತೆಗೆ, ಅವನ ಮನೆಯವರ ಫೋಟೊಗಳ ಕೆಳಗೆ ಬೈಗುಳ ಬರೆಯುವುದನ್ನು ಗುಂಪಿನಲ್ಲಿ ಯಾರೇ ಮಾಡಿದರೂ ಅಲ್ಲೇ ತಡೆಯಿರಿ. ಅವನು ಕಾಗದ ತಡ ಮಾಡಿದವನಲ್ಲ.

ಬಾಗಿಲು ಮುಚ್ಚಿದ ಮೇಲೆ

ಗಡುವಿನ ಮರುದಿನದಿಂದ ಎರಡು ವಿಷಯ ನೋಡಬೇಕು. ಅವಧಿ ಮುಗಿಯುವ ಮುಂಚೆಯೇ ಒಪ್ಪಂದ ಮುಗಿದಿದ್ದ ಸ್ವತಂತ್ರ ಆಟಗಾರರನ್ನು ಆಮೇಲೂ ನೋಂದಾಯಿಸಬಹುದು. ನಿಮ್ಮ ಖಾಲಿ ಜಾಗಕ್ಕೆ ಹೊಂದುವವರು ಅವರಲ್ಲಿದ್ದಾರೆಯೇ ಪಟ್ಟಿ ಮಾಡಿ, ಕಳೆದ ಋತುವಿನ ನಿಮಿಷಗಳನ್ನು ನೋಡದೆ ಮಾತ್ರ ಆಸೆ ಪಡಬೇಡಿ.

ಎರಡನೆಯದು ನೋಂದಣಿ ಪಟ್ಟಿ. ಪ್ರೀಮಿಯರ್ ಲೀಗಿನಲ್ಲಿ 25 ಜನ, ಅವರಲ್ಲಿ ಸ್ವದೇಶಿ ತರಬೇತಿ ಪಡೆಯದವರು 17ಕ್ಕಿಂತ ಹೆಚ್ಚಿರುವಂತಿಲ್ಲ. 21ರೊಳಗಿನವರು ಪಟ್ಟಿಯಲ್ಲಿ ಬೇಕಿಲ್ಲ. ಯುಇಎಫ್‌ಎ ಪಟ್ಟಿಯ 25ರಲ್ಲಿ 8 ಸ್ಥಾನ ಸ್ಥಳೀಯವಾಗಿ ತರಬೇತಾದವರಿಗೆ ಮೀಸಲು, ಅಂಥವರು ಕಡಿಮೆಯಿದ್ದರೆ ಪಟ್ಟಿಯೇ ಅಷ್ಟು ಚಿಕ್ಕದಾಗುತ್ತದೆ. ಹೊಸದಾಗಿ ಬಂದವನೊಬ್ಬ ಅದರಿಂದ ಹೊರಗುಳಿದರೆ, ಲೀಗ್ ಹಂತ ಮುಗಿಯುವವರೆಗೆ ಸಾಮಾನ್ಯವಾಗಿ ಯುರೋಪಿನಲ್ಲಿ ಆಡಲಾರ. ನಂತರ ಮೂವರನ್ನು ಹೊಸದಾಗಿ ಸೇರಿಸಲು ಅವಕಾಶವಿದೆ. ಆ ಪಟ್ಟಿಯನ್ನು ಮೇ ತಿಂಗಳ ಮೊದಲ ಪುಟದ ಪಕ್ಕದಲ್ಲಿಟ್ಟು, ಇನ್ನೂ ಖಾಲಿಯಿರುವ ಜಾಗಗಳಿಗೆ ಸುತ್ತು ಹಾಕಿ. ಜನವರಿಯ ಪುಟ ಶುರುವಾಗುವುದು ಆ ಸುತ್ತುಗಳಿಂದ.